ಪಕ್ಕದ ಕೂಪಿನಲ್ಲಿ ಸಸಿ ಎದ್ದಿದೆಯೇ?

ಪ್ರಶ್ನೆ: ನಮ್ಮ ಮನೆ ಎದುರಿನ ಗುಡ್ಡವನ್ನು ಎರಡು ವರ್ಷದ ಹಿಂದೆ ಬೋಳಿಸಿದರು. ಈಗ ಅದಕ್ಕೆ ತಾಗಿಕೊಂಡ ನೂರು ಎಕರೆಗೂ ರಿಬ್ಬನ್ ಕಟ್ಟಿ ಗುರುತು ಹಾಕಿದ್ದಾರೆ. ಮೊದಲು ಕಡಿದದ್ದು ಬೆಳೆಯುವ ತನಕ ಕಾಯಬೇಕೆಂಬ ಕಾನೂನು ಇದೆಯಂತಲ್ಲ?
(ಒಲಿಂಪಿಯಾ, ವಾಷಿಂಗ್ಟನ್ ರಾಜ್ಯ)

ಉತ್ತರ: ಇದೆ. ಅಲ್ಲಿ ಅದಕ್ಕೆ ‘ಗ್ರೀನ್-ಅಪ್’ ಎನ್ನುತ್ತಾರೆ. ಆದರೆ ಎಲ್ಲರೂ ಅಂದುಕೊಂಡಂತೆ ಇಂತಿಷ್ಟು ವರ್ಷ ಕಾಯಿರಿ ಎಂಬ ಸರಳ ನಿಯಮವಲ್ಲ ಅದು. ಒಬ್ಬ ಮಾಲೀಕನ ಜಮೀನಿನಲ್ಲಿ ಒಟ್ಟಿಗೆ ಬೋಳಾಗುವ ಜಾಗ 240 ಎಕರೆ ಮೀರುವಂತಿಲ್ಲ. 120 ಎಕರೆ ದಾಟಿತೆಂದರೆ, ಇಲಾಖೆಗೆ ಅಗತ್ಯವೆಂದು ಕಂಡಲ್ಲಿ, ಬೇರೆ ಬೇರೆ ವಿಷಯದ ಪರಿಣತರ ತಂಡ ಪರಿಶೀಲಿಸಬೇಕು. ಇದರ ಮೇಲೆ ಹೊಸ ಕೂಪಿನ, ಅಂದರೆ ಒಂದು ಸಲಕ್ಕೆ ಕಡಿಯಲು ಗುರುತು ಹಾಕಿದ ತುಂಡಿನ, ಗಡಿಯ ಲೆಕ್ಕವೊಂದಿದೆ. ಗಡಿಯ ಸುತ್ತಳತೆಯಲ್ಲಿ ಶೇ. 30ರಷ್ಟು ಉದ್ದಕ್ಕೆ 30 ವರ್ಷ ದಾಟಿದ ಮರಗಳಿರಬೇಕು, ಇಲ್ಲವೇ ಶೇ. 60ರಷ್ಟಕ್ಕೆ 15 ವರ್ಷ ದಾಟಿದವು; ಅದೂ ಇಲ್ಲವೇ ಶೇ. 90ರಷ್ಟಕ್ಕೆ ಐದು ಬೆಳೆಗಾಲ ಬದುಕುಳಿದ ಅಥವಾ ಸರಾಸರಿ ನಾಲ್ಕು ಅಡಿ ಮುಟ್ಟಿದ ಸಸಿಗಳು. ಮೂರರಲ್ಲಿ ಒಂದು ಹೊಂದಿದರೆ ಸಾಕು.

ನಿಮ್ಮ ನೂರು ಎಕರೆ ಚೌಕಾಕಾರದ್ದೆಂದು ಹಿಡಿಯಿರಿ. ಒಂದು ಬದಿ ಸುಮಾರು 2,087 ಅಡಿ, ಸುತ್ತಳತೆ 8,348 ಅಡಿ. ಶೇ. 30 ಎಂದರೆ 2,504 ಅಡಿ. ಅಂದರೆ ಒಂದಿಡೀ ಬದಿಯಲ್ಲಿ ಹಳೆಯ ಕಾಡಿದ್ದರೂ ಸಾಲದು, ಇನ್ನೂ 417 ಅಡಿ ಬೇಕು. ಆದರೆ ಅಷ್ಟು ಸಿಕ್ಕಿಬಿಟ್ಟರೆ ನಿಮ್ಮೆದುರಿನ ಬೋಳು ಗುಡ್ಡದಲ್ಲಿ ಒಂದು ಸಸಿ ಏಳದಿದ್ದರೂ ಈ ಲೆಕ್ಕ ಪಾಸು. ಗಡಿಯಲ್ಲಿ ಹಳೆ ಮರ ತೋರಿಸಲು ತೆಳ್ಳನೆಯ ಸಾಲು ಬಿಟ್ಟರೆ ನಡೆಯುವುದಿಲ್ಲ. ಆ ಪಟ್ಟಿ ಕನಿಷ್ಠ 300 ಅಡಿ ಅಗಲ ಇರಬೇಕು.

ಇನ್ನು ದೊಡ್ಡ ಕಿಂಡಿಯೊಂದಿದೆ. ಗಡಿಯಾಚೆಯ ಜಮೀನು ಬೇರೆ ಮಾಲೀಕನದಾದರೆ ಲೆಕ್ಕದಲ್ಲಿ ಅದನ್ನು ಬೆಳೆದು ನಿಂತ ಕಾಡೆಂದೇ ಹಿಡಿಯುತ್ತಾರೆ, ಅಲ್ಲಿ ಬರೀ ಬೊಡ್ಡೆಗಳಿದ್ದರೂ ಸರಿ. ಒಬ್ಬನ ತಪ್ಪಿಗೆ ಇನ್ನೊಬ್ಬನ ಕೊಡಲಿ ಹಿಡಿಯಬಾರದೆಂಬುದು ಇದರ ತರ್ಕ. ಗುಡ್ಡದ ಮಣ್ಣಿಗೆ ಆ ತರ್ಕ ತಿಳಿಯದು, ಬಿಡಿ. ಆದ್ದರಿಂದ ನೀವು ಮೊದಲು ನೋಡಬೇಕಾದದ್ದು ಸಸಿಯನ್ನಲ್ಲ, ಎರಡೂ ಕಡೆಯ ಮಾಲೀಕತ್ವವನ್ನು. ಕೌಂಟಿಯ ಜಮೀನು ನಕ್ಷೆಯಲ್ಲಿ ಅದು ಸಿಗುತ್ತದೆ. ಕಡಿಯುವ ಅರ್ಜಿ ಮತ್ತು ಕೂಪಿನ ನಕ್ಷೆಯನ್ನು ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯಲ್ಲಿ ನೋಡಬಹುದು. ಆಕ್ಷೇಪಣೆ ಬರೆಯುವಾಗ ‘ಗುಡ್ಡ ಹಾಳಾಗುತ್ತಿದೆ’ ಎನ್ನುವ ಬದಲು ‘ಉತ್ತರದ ಗಡಿಯ ಇಷ್ಟು ಅಡಿಯಲ್ಲಿ ಸಸಿ ನಾಲ್ಕಡಿ ಮುಟ್ಟಿಲ್ಲ’ ಎಂದು ಬರೆಯಿರಿ. ಅಂಥ ಮಾತನ್ನು ಇಲಾಖೆ ಸುಲಭವಾಗಿ ತಳ್ಳಿಹಾಕಲಾಗದು.

ಪ್ರಶ್ನೆ: ರಸ್ತೆಯಿಂದ ನೋಡಿದರೆ ಹಳೆಯ ಕೂಪು ಹಸಿರಾಗಿಯೇ ಕಾಣುತ್ತದೆ. ನಿಯಮದ ಪ್ರಕಾರ ಬೆಳೆದಿದೆಯೋ ಇಲ್ಲವೋ ಹೇಗೆ ತಿಳಿಯುವುದು?
(ಬೀವರ್ಟನ್, ಆರೆಗನ್)

ಉತ್ತರ: ರಸ್ತೆಯಿಂದ ಕಾಣುವ ಹಸಿರನ್ನು ನಂಬಬೇಡಿ. ಕಡಿದ ಎರಡನೇ ವರ್ಷಕ್ಕೇ ಸ್ಯಾಮನ್‌ಬೆರಿ, ವೈನ್ ಮೇಪಲ್ ಪೊದೆಗಳು ಗುಡ್ಡ ಮುಚ್ಚುತ್ತವೆ. ಇವು ಲೆಕ್ಕಕ್ಕಿಲ್ಲ.

ನಿಮ್ಮ ರಾಜ್ಯದಲ್ಲಿ ಒಬ್ಬ ಮಾಲೀಕನ ಬೋಳು ಕೂಪಿನ ಮಿತಿ ಸಾಮಾನ್ಯವಾಗಿ 120 ಎಕರೆ. 300 ಅಡಿಯೊಳಗಿರುವ ಅದೇ ಮಾಲೀಕನ ಇನ್ನೊಂದು ಕೂಪನ್ನೂ ಇದರಲ್ಲೇ ಸೇರಿಸಿ ಎಣಿಸುತ್ತಾರೆ. ಹಳೆಯ ಕೂಪು ಈ ಎಣಿಕೆಯಿಂದ ಹೊರಬರಬೇಕಾದರೆ ಅಲ್ಲಿ ಎಕರೆಗೆ ಬೇಕಾದಷ್ಟು ಸಸಿ ಇರಬೇಕು. ಜೊತೆಗೆ ಸರಾಸರಿ ಎತ್ತರ ನಾಲ್ಕು ಅಡಿ ಆಗಿರಬೇಕು, ಇಲ್ಲವೇ ನೆಟ್ಟು 48 ತಿಂಗಳು ಕಳೆದು ಸಸಿಗಳು ಪೊದೆಯ ಕಾಟ ಮೀರಿ ತಾವಾಗಿ ಬೆಳೆಯುವ ಸ್ಥಿತಿಗೆ ಬಂದಿರಬೇಕು. ಒಳ್ಳೆಯ ಮಣ್ಣಿಗೆ ಎಕರೆಗೆ 200 ಸಸಿ ಎಂಬುದು ಅಲ್ಲಿನ ಅಳತೆ.

ಮಾಲೀಕರ ಅನುಮತಿ ಪಡೆದು ಒಳಗೆ ಹೋಗಿ. 16 ಅಡಿ 8 ಇಂಚಿನ ಹಗ್ಗ, ನಾಲ್ಕಡಿಯ ಕೋಲು, ದಿಕ್ಸೂಚಿ ಸಾಕು. ನಕ್ಷೆಯ ಮೇಲೆ ಮೊದಲೇ ಗೆರೆ ಎಳೆದುಕೊಂಡು, ಆ ಗೆರೆಯ ಮೇಲೆ 200 ಅಡಿಗೊಮ್ಮೆ ಗೂಟ ಹೊಡೆದು ಹಗ್ಗ ಸುತ್ತಿಸಿ. ಆ ವೃತ್ತ ಎಕರೆಯ ಐವತ್ತರಲ್ಲಿ ಒಂದು ಪಾಲು. ಅದರೊಳಗೆ ಸಿಕ್ಕ ಒಂದೊಂದು ಸಸಿಯೂ ಎಕರೆಗೆ 50 ಎಂದು ಲೆಕ್ಕ. ಹಾಗಾಗಿ ವೃತ್ತಕ್ಕೆ ಸರಾಸರಿ ನಾಲ್ಕು ಸಸಿ ಸಿಗಬೇಕು. ಇಳಿಜಾರಿನಲ್ಲಿ ಹಗ್ಗವನ್ನು ನೆಲಕ್ಕೆ ಒರಗಿಸದೆ ಮಟ್ಟಸವಾಗಿ ಹಿಡಿಯಿರಿ. ಶೇ. 60ರ ಇಳಿಜಾರಿನಲ್ಲಿ ನೆಲದ ಮೇಲೆಯೇ ಎಳೆದರೆ ವೃತ್ತ ಏಳರಲ್ಲಿ ಒಂದು ಪಾಲು ಕುಗ್ಗಿ, ಇರುವ ಸಸಿ ಕಡಿಮೆ ಎಂದು ತೋರುತ್ತದೆ.

ಹೆಚ್ಚಿನವರು ತಪ್ಪುವುದು ಖಾಲಿ ವೃತ್ತದಲ್ಲಿ. ಏನೂ ಸಿಗದ ಜಾಗ ಬಂತೆಂದರೆ ನಾಲ್ಕು ಹೆಜ್ಜೆ ಸರಿದು ಗೂಟ ಹೊಡೆಯುತ್ತಾರೆ. ಸೊನ್ನೆಯನ್ನೂ ಸೊನ್ನೆ ಎಂದೇ ಬರೆಯಬೇಕು. 30 ವೃತ್ತದಲ್ಲಿ 150 ಸಸಿ ಸಿಕ್ಕಿದರೆ ಎಕರೆಗೆ 250, ಕಾಗದದ ಮೇಲೆ ಚೆಂದ. ಆದರೆ ಅದರಲ್ಲಿ ಹತ್ತು ವೃತ್ತ ಖಾಲಿ ಇದ್ದು, ತಾನೇ ಹುಟ್ಟಿದ ಹೆಮ್ಲಾಕ್ ಮರದ ಸಸಿ ಉಳಿದ ಕಡೆ ಗುಂಪುಗುಂಪಾಗಿದ್ದರೆ ಕೂಪಿನ ಮೂರನೇ ಒಂದು ಭಾಗ ಬೋಳೇ ಇದೆ ಎಂದರ್ಥ.

ಒಣಗಿದ ಸಸಿ ಸಿಕ್ಕರೆ ಕಿತ್ತು ಬೇರು ನೋಡಿ. ಗುಂಡಿ ಆಳವಿಲ್ಲದೆ ತುರುಕಿ ನೆಟ್ಟಿದ್ದರೆ ತಾಯಿಬೇರು ಕೊಕ್ಕೆಯಂತೆ ಮೇಲಕ್ಕೆ ಬಾಗಿರುತ್ತದೆ. ಅಂಥ ಸಸಿ ಒಂದೆರಡು ಬೇಸಿಗೆ ಹಸಿರಾಗಿಯೇ ಇದ್ದು, ಬಿಸಿಲು ಬಲವಾದ ವರ್ಷ ಕೈಕೊಡುತ್ತದೆ. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಜುಲೈ–ಆಗಸ್ಟ್‌ನ ಒಣಹವೆಯೇ ಸಾಕು. ಬೇರು ಸರಿಯಿದ್ದು ಸಸಿ ಕುಳ್ಳಾಗಿಯೇ ಉಳಿದಿದ್ದರೆ ತುದಿ ನೋಡಿ: ಜಿಂಕೆ, ಎಲ್ಕ್ ಎಂಬ ದೊಡ್ಡ ಜಿಂಕೆ ಚಿವುಟಿರುತ್ತವೆ. ರೆಡ್ ಸೀಡರ್ ಸಸಿ ಎಂದರೆ ಅವಕ್ಕೆ ಬಲು ಇಷ್ಟ.

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲೂ ಇದೇ ಅಳತೆಯೇ?
(ಸ್ಯಾಕ್ರಮೆಂಟೊ)

ಉತ್ತರ: ಅಲ್ಲ, ಇನ್ನೂ ಬಿಗಿ. ದಿಮ್ಮಿಯನ್ನು ಟ್ರ್ಯಾಕ್ಟರ್‌ನಲ್ಲಿ ಎಳೆಯುವ ಕಡೆ ಬೋಳು ಕೂಪು ಸಾಮಾನ್ಯವಾಗಿ 20 ಎಕರೆ, ಕೇಬಲ್‌ನಲ್ಲಿ ಎತ್ತುವ ಕಡೆ 30. ಪಕ್ಕದ್ದನ್ನು ಕಡಿಯಲು ಹಳೆಯ ಕೂಪಿನ ಮೇಲ್ಸ್ತರದ ಸಸಿಗಳು ಸರಾಸರಿ ಐದು ವರ್ಷದವಾಗಿರಬೇಕು, ಇಲ್ಲವೇ ಮೂರು ವರ್ಷ ತುಂಬಿ ಐದಡಿ ಎತ್ತರ ಆಗಿರಬೇಕು.

ಪ್ರಶ್ನೆ: ಸಸಿ ನಾಲ್ಕಡಿ ಆಯಿತೆಂದರೆ ಕೆಳಗಿನ ಮನೆಗಳಿಗೆ ಭೂಕುಸಿತದ ಭಯ ಹೋಯಿತೇ?
(ಸಿಯಾಟಲ್)

ಉತ್ತರ: ಇಲ್ಲ. ಕಡಿದ ಮರದ ಬೇರು ಮಣ್ಣಿನೊಳಗೆ ಕೆಲವು ವರ್ಷ ಗಟ್ಟಿಯಾಗಿಯೇ ಇದ್ದು ಆಮೇಲೆ ಕೊಳೆಯುತ್ತದೆ. ಹೊಸ ಸಸಿಯ ಬೇರು ಆ ಹಿಡಿತಕ್ಕೆ ಬರಲು ಇನ್ನೂ ಸಮಯ ಬೇಕು. ಕಡಿದ ಸುಮಾರು ಮೂರರಿಂದ ಹದಿನೈದು ವರ್ಷದ ನಡುವೆ ಇಳಿಜಾರು ತೀರಾ ದುರ್ಬಲ. ನಿಯಮ ಪಕ್ಕದ ಕೂಪಿಗೆ ಹಾದಿ ಬಿಡುವುದು ಸರಿಯಾಗಿ ಈ ನಡುವೆಯೇ! ನೀರಿನ ಲೆಕ್ಕವೂ ಹಾಗೇ. ಬಯಲಲ್ಲಿ ಹಿಮ ಹೆಚ್ಚು ಕೂಡುತ್ತದೆ. ಅದರ ಮೇಲೆ ಚಳಿಗಾಲದ ಬೆಚ್ಚನೆ ಮಳೆ ಬಿದ್ದರೆ ಒಮ್ಮೆಲೇ ಕರಗಿ ಹಳ್ಳಕ್ಕೆ ಇಳಿಯುತ್ತದೆ. ಇದನ್ನು ತಡೆಯುವುದು ಮೇಲೆ ಕೂಡಿಕೊಂಡ ಕೊಂಬೆಗಳ ಚಪ್ಪರವೇ ಹೊರತು ಎದೆಮಟ್ಟದ ಸಸಿಯಲ್ಲ. ಹಾಗಾಗಿ ಇಳಿಜಾರಿನ ಸ್ಥಿರತೆಯ ನಿಯಮಗಳನ್ನು ಬೇರೆಯಾಗಿಯೇ ಕೇಳಿ. ಕಡಿದಾದ ಕೊರಕಲು ಕೂಪಿನೊಳಗೆ ಬಂದಿದ್ದರೆ ಭೂವಿಜ್ಞಾನಿಯ ವರದಿ ಇದೆಯೇ ಎಂದು ವಿಚಾರಿಸಿ.

ಪ್ರಶ್ನೆ: ನಮ್ಮದು ಎಂಟು ಎಕರೆ ಅಕೇಶಿಯಾ, ಇಳಿಜಾರು ಜಾಗ. ನಮ್ಮಲ್ಲೂ ಇಂಥ ನಿಯಮ ಇದೆಯೇ? ಒಟ್ಟಿಗೆ ಕಡಿಸಬಹುದೇ?
(ತೀರ್ಥಹಳ್ಳಿ)

ಉತ್ತರ: ನಮ್ಮ ಕ್ರಮ ಬೇರೆ. ಸರ್ಕಾರಿ ಕಾಡಿನಲ್ಲಿ ಕಡಿತಲೆ ಕೇಂದ್ರ ಒಪ್ಪಿದ ಕಾರ್ಯಯೋಜನೆಯಂತೆಯೇ ನಡೆಯಬೇಕೆಂದು ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 12ರಂದು ಹೇಳಿತು. ಖಾಸಗಿ ಜಮೀನಿಗೆ ಅನ್ವಯಿಸುವುದು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ. ಅದರಲ್ಲಿ ಕೆಲವು ಜಾತಿಗಳಿಗೆ ವಿನಾಯಿತಿ ಉಂಟು. ಗರಗಸ ಮುಟ್ಟಿಸುವ ಮುಂಚೆ ವಲಯ ಅರಣ್ಯ ಕಚೇರಿಯಲ್ಲಿ ಕೇಳಿಕೊಳ್ಳಿ.

ಆದರೂ ಎಂಟು ಎಕರೆಯನ್ನೂ ಒಟ್ಟಿಗೆ ಬೋಳಿಸಬೇಡಿ. ಏಪ್ರಿಲ್‌ನಲ್ಲಿ ಬೋಳಿಸಿದ ಇಳಿಜಾರಿನ ಮೇಲ್ಮಣ್ಣು ಜೂನ್–ಜುಲೈನಲ್ಲಿ ಕೆಳಗಿನವರ ಗದ್ದೆ ಸೇರುತ್ತದೆ. ಜಾಗವನ್ನು ಇಳಿಜಾರಿಗೆ ಅಡ್ಡವಾಗಿ ನಾಲ್ಕು ಪಟ್ಟಿ ಮಾಡಿ, ಒಂದು ಬಿಟ್ಟು ಒಂದನ್ನು ಚಳಿಗಾಲದಲ್ಲೇ ಕಡಿಸಿ. ದಿಮ್ಮಿಯನ್ನು ನೇರ ಇಳಿಜಾರಿಗೆ ಎಳೆಸಿದರೆ ಆ ಜಾಡೇ ಮಳೆಗಾಲದಲ್ಲಿ ಹಳ್ಳವಾಗುತ್ತದೆ, ಓರೆಯಾಗಿ ಎಳೆಸಿ. ರೆಂಬೆ, ದರಗನ್ನು ಸುಡದೆ ಇಳಿಜಾರಿಗೆ ಅಡ್ಡಲಾಗಿ ಸಾಲು ಹಾಕಿಸಿ. ಸುಟ್ಟರೆ ಅಕೇಶಿಯಾ ಬೀಜ ರಾಶಿ ಹುಟ್ಟಿ ನೆಟ್ಟ ಸಸಿಯನ್ನು ಮುಚ್ಚುತ್ತದೆ. ಮಳೆ ಹಿಡಿದ ಮೇಲೆ ಹೊನ್ನೆ, ಮತ್ತಿ, ನೇರಳೆ, ಹಲಸನ್ನು 12 ಅಡಿ ಅಂತರದಲ್ಲಿ ನೆಡಿ, ಎಕರೆಗೆ 300 ಸಸಿ ಹಿಡಿಯುತ್ತದೆ. ಮೂರು ಮಳೆಗಾಲ ಕಳೆದು ಅವು ಎದೆಮಟ್ಟ ಬಂದು, ಹತ್ತರಲ್ಲಿ ಎಂಟಾದರೂ ಬದುಕಿದ್ದರೆ ಉಳಿದ ಎರಡು ಪಟ್ಟಿಗೆ ಕೈಹಾಕಿ. ಅಷ್ಟಿಲ್ಲದಿದ್ದರೆ ಮೊದಲು ಹೋದ ಸಸಿಗಳ ಜಾಗ ತುಂಬಿಸಿ.