ಮರೆಯಲ್ಲಿ ಕೂರುವುದು ಮೋಸವಲ್ಲ

ಓದುಗರ ಪತ್ರ: ಕೊಳದ ದಡದಲ್ಲಿ ಹೈಡ್ (ಹಕ್ಕಿಗೆ ಕಾಣದಂತೆ ಕೂರುವ ಮರೆ) ಕಟ್ಟಿ, ಒಳಗೆ ಆರಾಮಾಗಿ ಕೂತು ಹಕ್ಕಿ ಫೋಟೊ ತೆಗೆಯುವವರನ್ನು ನೀವು ಸದಾ ಹೊಗಳುತ್ತೀರಿ. ಇದರಲ್ಲಿ ಶ್ರಮ ಏನಿದೆ? ಹಕ್ಕಿಯೇ ಎದುರಿಗೆ ಬರುತ್ತದೆ, ಬಟನ್ ಒತ್ತಿದರಾಯಿತು. ಎಲ್ಲರದ್ದೂ ಅದೇ ಕೊಂಬೆ, ಅದೇ ಮಿಂಚುಳ್ಳಿ. ಹುಡುಕಿಕೊಂಡು ನಡೆದು ತೆಗೆದ ಚಿತ್ರಕ್ಕೆ ಇದು ಸಮವೇ?

ಸಂಪಾದಕರ ಉತ್ತರ: ಅದೇ ಕೊಂಬೆ ಎಂದಿರಲ್ಲ, ಅದು ನಿಜ. ನೆಟ್ಟ ಕೊಂಬೆ, ಅದರ ಕೆಳಗೆ ತೊಟ್ಟಿಯಲ್ಲಿ ಬಿಟ್ಟ ಮೀನು, ಹಿಂದೆ ಮಸುಕು ಹಸಿರು. ಇಂಥ ಚಿತ್ರಗಳು ನಮ್ಮ ಮೇಜಿಗೂ ರಾಶಿ ಬೀಳುತ್ತವೆ. ಆದರೆ ಪತ್ರದ ಉಳಿದ ಮಾತು ನನಗೆ ಒಪ್ಪಿಗೆಯಿಲ್ಲ.

ಶ್ರಮ ಏನಿದೆ ಎಂದಿರಿ. ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರ್ರಿ ಕೇರ್ಟನ್ ಎಂಬ ಅಣ್ಣತಮ್ಮಂದಿರು 1900ರ ಸುಮಾರಿಗೆ ನಿಜವಾದ ಎತ್ತಿನ ಚರ್ಮದಿಂದ ಟೊಳ್ಳು ಎತ್ತೊಂದನ್ನು ಮಾಡಿಸಿದರು. ಕ್ಯಾಮೆರಾ ಸಮೇತ ಅದರೊಳಗೆ ಹೊಕ್ಕು, ಬೆನ್ನು ಬಗ್ಗಿಸಿಕೊಂಡು ಹಕ್ಕಿಗಾಗಿ ಕಾಯುತ್ತಿದ್ದರು. ಇಂಗ್ಲೆಂಡಿನವರೇ ಆದ ಹಕ್ಕಿ ಛಾಯಾಗ್ರಾಹಕ ಎರಿಕ್ ಹಾಸ್ಕಿಂಗ್ 1937ರಲ್ಲಿ ರಾತ್ರಿ ತನ್ನ ಹೈಡ್‌ಗೆ ಹೋಗುವಾಗ ಗೂಬೆ ಎರಗಿ ಒಂದು ಕಣ್ಣನ್ನೇ ಕಳೆದುಕೊಂಡರು. ಆಮೇಲೂ ಗೂಬೆಗಳ ಚಿತ್ರ ತೆಗೆಯುವುದನ್ನು ಬಿಡಲಿಲ್ಲ. ಇಂಥವರ ಕೆಲಸವನ್ನು ಬಟನ್ ಒತ್ತುವುದು ಅಂದುಬಿಟ್ಟರೆ ಹೇಗೆ?

ನೀವೇ ಒಮ್ಮೆ ಕೂತು ನೋಡಿ. ಬೆಳಕು ಹರಿಯುವ ಮುಂಚೆ ಒಳಗೆ ಸೇರಬೇಕು. ಹಕ್ಕಿಗಳು ಆಗಲೇ ಎದ್ದಿದ್ದರೆ ಇಬ್ಬರು ಹೋಗಿ ಒಬ್ಬರು ವಾಪಸ್ ಬರುವುದು ಹಳೆಯ ಉಪಾಯ. ಮನುಷ್ಯ ಹೊರಟುಹೋದ ಎಂದು ಹೆಚ್ಚಿನ ಹಕ್ಕಿಗಳು ನಂಬುತ್ತವೆ. ಲೆನ್ಸ್ ನೀರಿನ ಮಟ್ಟಕ್ಕೇ ಇರಬೇಕು, ಅಂದರೆ ನೀವೂ ಕೆಸರಿನ ಮಟ್ಟದಲ್ಲಿ ಮಲಗಬೇಕು. ಹಂಗೇರಿಯ ಛಾಯಾಗ್ರಾಹಕ ಬೆನ್ಸ್ ಮಾಟೆ ಹೆಸರು ಮಾಡಿದ್ದು ಒಂದು ಕಡೆಯಿಂದ ಮಾತ್ರ ಕಾಣುವ ಗಾಜಿನ ಹೈಡ್‌ಗಳಿಂದ. ಆ ಗಾಜಿನ ಹಿಂದೆ ಕೊಂಚ ಅಲುಗಾಡಬಹುದು, ಆದರೆ ಗಾಜು ಬೆಳಕನ್ನು ತಿನ್ನುತ್ತದೆ. ಮುಂಜಾನೆಯ ಮಬ್ಬಿನಲ್ಲಿ ಆ ನಷ್ಟ ಚೆನ್ನಾಗಿ ಗೊತ್ತಾಗುತ್ತದೆ.

ಇನ್ನು ನಡೆದು ಹೋದವರಿಗೆ ಸಿಗುವುದೇನು? ಜಾಸ್ತಿ ಸಲ ಸಿಗುವುದು ಗಾಬರಿಯಾದ ಹಕ್ಕಿ. ಕತ್ತು ಉದ್ದ ಮಾಡಿ ನಮ್ಮನ್ನೇ ದಿಟ್ಟಿಸುತ್ತಿರುತ್ತದೆ, ಇಲ್ಲವೇ ಬೆನ್ನು ತೋರಿಸಿ ಹಾರುತ್ತಿರುತ್ತದೆ. ಕೊಳದಲ್ಲಿ ಮುಳುಗೇಳುವ ಪುಟ್ಟ ಹಕ್ಕಿ ಗುಳುಮುಳುಕವನ್ನೇ ನೋಡಿ. ಯಾರೋ ಬಂದರು ಅನ್ನಿಸಿದರೆ ಮೊಟ್ಟೆಗಳ ಮೇಲೆ ಜೊಂಡು ಎಳೆದು ಮುಚ್ಚಿ ನೀರೊಳಗೆ ಜಾರಿಬಿಡುತ್ತದೆ. ನಮಗೆ ಕಾಣುವುದು ಕೊಳೆತ ಸೊಪ್ಪಿನ ಗುಡ್ಡೆ ಅಷ್ಟೇ. ಗೂಡಿನಿಂದ ಸಾಕಷ್ಟು ದೂರದಲ್ಲಿ, ಮರೆಯಲ್ಲಿ ಸುಮ್ನೆ ಕೂತವರಿಗೆ ಅದು ಮರಿಗಳನ್ನು ಬೆನ್ನ ಮೇಲೆ ಹತ್ತಿಸಿಕೊಂಡು ಈಜುವುದು ಕಾಣುತ್ತದೆ. ಮಿಂಚುಳ್ಳಿ ಮೀನನ್ನು ಕೊಂಬೆಗೆ ಬಡಿದು, ತಿರುಗಿಸಿ, ತಲೆ ಕಡೆಯಿಂದ ನುಂಗುತ್ತದೆ. ಆದರೆ ಕೆಲವೊಮ್ಮೆ ಮೀನಿನ ತಲೆ ಹೊರಮುಖವಾಗಿ ಇರುವಂತೆ ಹಿಡಿದು ಹಾರುತ್ತದೆ. ಆ ಮೀನು ಅದರ ಹೊಟ್ಟೆಗಲ್ಲ, ಮರಿಗೆ ಅಥವಾ ಜೋಡಿಗೆ. ಇದು ತಿಳಿದ ಮೇಲೆ ಆ ಒಂದು ಚಿತ್ರವನ್ನು ನೋಡುವ ರೀತಿಯೇ ಬೇರೆಯಾಗುತ್ತದೆ, ಅಲ್ವಾ?

ನನ್ನ ಸಿಟ್ಟು ಬೇರೆ ಕಡೆ ಇದೆ. ಯಾರಿಗೂ ಕಾಯಲು ಮನಸ್ಸಿಲ್ಲ. ಫೋನಿನಲ್ಲಿ ಹಕ್ಕಿಯ ದನಿ ಹಾಕಿ ಕರೆಸುತ್ತಾರೆ. ತನ್ನ ಜಾಗಕ್ಕೆ ಇನ್ನೊಂದು ಹಕ್ಕಿ ನುಗ್ಗಿತು ಎಂದು ಪಾಪ ಅದು ಜಗಳಕ್ಕೆ ಓಡಿಬರುತ್ತದೆ. ಗೂಡಿಗೆ ನೆರಳಾಗಿದ್ದ ಎಲೆಗಳನ್ನು ಚಿತ್ರಕ್ಕೆ ಅಡ್ಡ ಎಂದು ಕತ್ತರಿಸುತ್ತಾರೆ. ಬಿಸಿಲಿಗೆ ಬಿದ್ದ ಮರಿಗಳ ಗತಿ ಏನು? ತಂಗಿದ್ದ ಬಾತುಗಳ ಹಿಂಡು ಒಟ್ಟಿಗೆ ಹಾರಲಿ ಎಂದು ಒಬ್ಬ ಕಲ್ಲು ಎಸೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆ ಚಿತ್ರಕ್ಕೆ ಎಷ್ಟು ಮೆಚ್ಚುಗೆ ಬಂತು ಗೊತ್ತೇ! ಹೇಗೆ ತೆಗೆದಿರಿ ಎಂದು ಯಾರೂ ಕೇಳಲಿಲ್ಲ. ನಿಮ್ಮಂಥ ಸೂಕ್ಷ್ಮ ಓದುಗರು ಆ ಪ್ರಶ್ನೆಯನ್ನು ಇಂಥವರಿಗೆ ಕೇಳಬೇಕು.

ನೀವು ನಡೆದು ತೆಗೆದ ಚಿತ್ರಗಳಿದ್ದರೆ ಖಂಡಿತ ಕಳಿಸಿ. ಹೈಡ್‌ನಲ್ಲಿ ಕೂತವರೂ ಕಳಿಸಲಿ. ಮೀನು ಬಿಟ್ಟಿದ್ದರೆ, ಕೊಂಬೆ ನೆಟ್ಟಿದ್ದರೆ ಚಿತ್ರದ ಜೊತೆಗೆ ಅದನ್ನೂ ಬರೆಯಬೇಕು. ಬರೆದದ್ದನ್ನು ಚಿತ್ರದ ಕೆಳಗೆ ಹಾಗೇ ಅಚ್ಚು ಹಾಕುತ್ತೇವೆ.