ಓದಿನ ನಡುವೆ ಒಂದು ವರ್ಷ ಕೆಲಸ: ಬ್ರಹ್ಮಾವರದ ತಾಯಿಯೊಬ್ಬರಿಗೆ ಉತ್ತರ

ಬ್ರಹ್ಮಾವರದ ಓದುಗರೊಬ್ಬರು ಬರೆದಿದ್ದಾರೆ: “ಮಗಳ ಪಿಯುಸಿ ಮುಗಿಯಿತು. ಸಣ್ಣವಳಿದ್ದಾಗಿನಿಂದ ಅವಳಿಗೆ ವಿಮಾನದ ಹುಚ್ಚು. ಬ್ರಿಟನ್ನಿನ ಒಂದು ವಿಶ್ವವಿದ್ಯಾಲಯದಲ್ಲಿ ಏರೋಸ್ಪೇಸ್ ಎಂಜಿನಿಯರಿಂಗ್ ಸೀಟು ಸಿಕ್ಕಿದೆ. ನಾಲ್ಕು ವರ್ಷದ ಕೋರ್ಸು. ಮೂರನೇ ವರ್ಷ ಕ್ಲಾಸೇ ಇಲ್ಲ, ಯಾವುದಾದರೂ ಕಂಪನಿಯಲ್ಲಿ ಕೆಲಸ ಮಾಡಬೇಕಂತೆ. ನನ್ನ ಯಜಮಾನರಿಗೆ ಮಲ್ಪೆಯಲ್ಲಿ ಬೋಟಿನ ಎಂಜಿನ್ ರಿಪೇರಿ ಕೆಲಸ. ಅಡಿಸ್ಥಳ ಅಡವಿಟ್ಟರೆ ಮಾತ್ರ ಕಳಿಸಬಹುದು. ‘ಅಷ್ಟು ದುಡ್ಡು ಸುರಿದು ಒಂದು ವರ್ಷ ಕೂಲಿಗೆ ಕಳಿಸ್ತೀರಾ? ಸುಮ್ನೆ ಇಲ್ಲೇ ಕಂಪ್ಯೂಟರ್ ಸೈನ್ಸ್ ಮಾಡಿಸಿ’ ಅಂತಾರೆ ನೆಂಟರು. ಆ ಒಂದು ವರ್ಷ ದಂಡವಾ?”

ಅಕ್ಕಾ, ದಂಡ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅಡಿಸ್ಥಳದ ವಿಷಯ ಬೇರೆ. ಅದಕ್ಕೆ ಆಮೇಲೆ ಬರುತ್ತೇನೆ.

ನೆಂಟರು ಕೂಲಿ ಅಂದರು, ಸರಿ. ನಿಮ್ಮ ಯಜಮಾನರು ಏನಂದರು? ಪತ್ರದಲ್ಲಿ ಅದಿಲ್ಲ. ಬೋಟಿನ ಎಂಜಿನ್ ಬಿಚ್ಚಿ ಜೋಡಿಸುವವರಿಗೆ ಈ ವಿಷಯ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಸದ್ದು ಕೇಳಿಯೇ ತೊಂದರೆ ಎಲ್ಲಿ ಅಂತ ಗುರುತು ಹಿಡಿಯುವುದನ್ನು ಅವರು ಯಾವ ಪುಸ್ತಕದಲ್ಲೂ ಓದಿರಲಿಕ್ಕಿಲ್ಲ. ಕಲಿಯಲಿಕ್ಕೆ ಸೇರಿದ ಹೊಸದರಲ್ಲಿ ಎಷ್ಟು ಕಾಲ ಬರೀ ನಟ್ಟು ಬೋಲ್ಟು ತೊಳೆದುಕೊಟ್ಟಿದ್ದರು ಅಂತ ಒಮ್ಮೆ ಕೇಳಿ ನೋಡಿ.

ನನ್ನ ಅಕ್ಕನ ಮಗನ ಕತೆ ಹೇಳುತ್ತೇನೆ. ಅವನು ಮೆಕ್ಯಾನಿಕಲ್ ಬಿ.ಇ. ಮುಗಿಸಿ, ಬೆಂಗಳೂರಿನಲ್ಲಿ ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಯೊಂದಕ್ಕೆ ಅಪ್ರೆಂಟಿಸ್ ಆಗಿ ಸೇರಿದ. ಮೊದಲ ಎರಡು ತಿಂಗಳು ಕೊಟ್ಟ ಕೆಲಸ ಏನು ಗೊತ್ತಾ? ಅಲ್ಯೂಮಿನಿಯಂ ತಗಡಿಗೆ ಕೊರೆದ ತೂತುಗಳ ಅಂಚು ನಯ ಮಾಡುವುದು. ಡ್ರಿಲ್ ಹಾಕಿದಾಗ ತೂತಿನ ಸುತ್ತ ಚೂಪಾದ ಸಣ್ಣ ಏಣು ಏಳುತ್ತದೆ. ಅದಕ್ಕೆ ಬರ್ ಅಂತಾರೆ. ಅದನ್ನು ಒಂದೊಂದಾಗಿ ಕೈಯಲ್ಲಿ ತೆಗೆಯಬೇಕು. ದಿನಕ್ಕೆ ನೂರಾರು ತೂತು. ಸಂಜೆ ಹೊರಡುವ ಮೊದಲು ಟೂಲ್‌ಗಳ ಲೆಕ್ಕ. ಪ್ರತಿ ಸ್ಪ್ಯಾನರಿಗೂ ಟ್ರೇಯಲ್ಲಿ ಅದರದ್ದೇ ಆಕಾರದ ಗುಳಿ ಇರುತ್ತದೆ. ಒಂದು ಗುಳಿ ಖಾಲಿ ಕಂಡರೂ ಯಾರೂ ಮನೆಗೆ ಹೋಗುವಂತಿಲ್ಲ. ವಿಮಾನದೊಳಗೆ ಉಳಿದುಬಿಟ್ಟ ಒಂದು ಟೂಲ್ ಏನು ಮಾಡಬಹುದು ಅಂತ ಯೋಚಿಸಿ. ಒಂದು ದಿನ ಸಣ್ಣ ಡ್ರಿಲ್ ಬಿಟ್ ಕಾಣಿಸಲಿಲ್ಲ. ಎಲ್ಲರೂ ಸೇರಿ ರಾತ್ರಿ ಹತ್ತರವರೆಗೆ ಹುಡುಕಿದರು. ಸಿಕ್ಕಿದ್ದು ಇವನದೇ ಏಪ್ರನ್ನಿನ ಮಡಿಕೆಯಲ್ಲಿ. ಆ ರಾತ್ರಿ ನನಗೆ ಫೋನ್ ಮಾಡಿ ಅತ್ತುಬಿಟ್ಟ. “ಇದಕ್ಕಾ ಮಾವ ನಾನು ನಾಲ್ಕು ವರ್ಷ ಓದಿದ್ದು?”

ಅವನಿಗೆ ಆಗ ಕಾಮೆಟ್ ವಿಮಾನದ ಕತೆ ಹೇಳಿದೆ. ಕಾಮೆಟ್ ಅಂದರೆ ಪ್ರಯಾಣಿಕರನ್ನು ಹೊತ್ತ ಮೊದಲ ಜೆಟ್, ಬ್ರಿಟನ್ನಿನದ್ದು. 1954ರ ಜನವರಿಯಲ್ಲಿ ಒಂದು, ಏಪ್ರಿಲ್‌ನಲ್ಲಿ ಇನ್ನೊಂದು ಕಾಮೆಟ್ ಹಾರುತ್ತಿದ್ದ ಹಾಗೆಯೇ ಒಡೆದು ಸಮುದ್ರಕ್ಕೆ ಬಿದ್ದವು. ಕಾರಣ ಹುಡುಕಲು ಫಾರ್ನ್‌ಬರೋದಲ್ಲಿದ್ದ ಬ್ರಿಟನ್ನಿನ ವಿಮಾನ ಸಂಶೋಧನಾ ಕೇಂದ್ರದ ಎಂಜಿನಿಯರುಗಳು ಒಂದು ಕಾಮೆಟ್ ತಂದು ದೊಡ್ಡ ನೀರಿನ ತೊಟ್ಟಿಯೊಳಗೆ ಇಟ್ಟರು. ಒಳಗೆ ನೀರು ತುಂಬಿ ಒತ್ತಡ ಏರಿಸಿದರು, ಇಳಿಸಿದರು, ಮತ್ತೆ ಏರಿಸಿದರು. ಹೀಗೆ ಸಾವಿರಾರು ಸಲ. ವಿಮಾನ ಮೇಲೇರಿದಾಗ ಅದರ ಮೈ ಒಂಚೂರು ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಇದ್ದರೆ ತುಂಡಾಗುತ್ತದಲ್ವಾ, ಹಾಗೆಯೇ. ಕೊನೆಗೆ ತೊಟ್ಟಿಯಲ್ಲಿದ್ದ ವಿಮಾನವೂ ಸೀಳಿತು. ಕಿಟಕಿಯಂಥ ತೆರಪಿನ ಮೂಲೆಯಲ್ಲಿ, ತಗಡು ಜೋಡಿಸುವ ರಿವೆಟ್ ಮೊಳೆಗಳ ತೂತುಗಳಿದ್ದ ಕಡೆ ಬಿರುಕು ಹುಟ್ಟಿತ್ತು. ತೂತಿನ ಅಂಚು ಒರಟಾಗಿ ಉಳಿದರೆ ಬಿರುಕು ಅಲ್ಲಿಂದಲೇ ಶುರುವಾಗಬಹುದು.

ಈ ಪಾಠ ಅವನ ಪುಸ್ತಕದಲ್ಲೂ ಇತ್ತು. ಪರೀಕ್ಷೆಯಲ್ಲಿ ಬರೆದು ಮಾರ್ಕೂ ತೆಗೆದಿದ್ದ. ಆದರೆ ದಿನವೂ ತಾನು ಉಜ್ಜುತ್ತಿದ್ದ ತೂತಿಗೂ ಆ ಪಾಠಕ್ಕೂ ನಂಟು ಇದೆ ಅಂತ ಅವನಿಗೆ ಹೊಳೆದದ್ದು ಅವತ್ತೇ. “ಈಗ ಹೋಗಿ ಆ ಕ್ಲಾಸಿನಲ್ಲಿ ಇನ್ನೊಮ್ಮೆ ಕೂರಬೇಕು ಮಾವ” ಅಂದ. ಅಷ್ಟರಲ್ಲಿ ಅವನ ಕಾಲೇಜು ಮುಗಿದಿತ್ತು.

ನಿಮ್ಮ ಮಗಳ ಕೋರ್ಸಿನಲ್ಲಿ ಕಾಲೇಜು ಮುಗಿದಿರುವುದಿಲ್ಲ. ಎರಡು ವರ್ಷ ಓದು, ಒಂದು ವರ್ಷ ಕೆಲಸ, ಮತ್ತೆ ಒಂದು ವರ್ಷ ಓದು. ನಾನು ಇದನ್ನು ಇಷ್ಟಪಡುವುದು ಆ ಕೊನೆಯ ವರ್ಷಕ್ಕಾಗಿ. ಕೈಯಲ್ಲಿ ಕೆಲಸ ಮಾಡಿ ಬಂದವಳು ಪ್ರೊಫೆಸರನ್ನು ಕೇಳುವ ಪ್ರಶ್ನೆಯೇ ಬೇರೆ ಇರುತ್ತದೆ. ಅದು ಕೂಲಿಯೂ ಅಲ್ಲ. ಸಾಮಾನ್ಯವಾಗಿ ಸಂಬಳ ಕೊಡುತ್ತಾರೆ, ಆ ವರ್ಷದ ಶುಲ್ಕವೂ ಕಡಿಮೆ ಇರುತ್ತದೆ. ಬ್ರಿಸ್ಟಲ್ ಹತ್ತಿರದ ಫಿಲ್ಟನ್‌ನಲ್ಲಿ ಏರ್‌ಬಸ್ ರೆಕ್ಕೆಗಳ ವಿನ್ಯಾಸ ಆಗುತ್ತದೆ. ವೇಲ್ಸ್‌ನ ಬ್ರಾಟನ್‌ನಲ್ಲಿ ಆ ರೆಕ್ಕೆಗಳನ್ನು ಜೋಡಿಸುತ್ತಾರೆ. ಡರ್ಬಿಯಲ್ಲಿ ರೋಲ್ಸ್ ರಾಯ್ಸ್ ವಿಮಾನದ ಎಂಜಿನ್ ತಯಾರಾಗುತ್ತದೆ. ಅಂಥ ಕಡೆ ಒಂದು ವರ್ಷ ಇದ್ದು ಬರುವುದೆಂದರೆ ಸಣ್ಣ ಮಾತಲ್ಲ.

ಆದರೆ ಅಕ್ಕಾ, ಇಲ್ಲೊಂದು ಗಂಟು ಉಂಟು. ಸೀಟು ಕೊಟ್ಟ ವಿಶ್ವವಿದ್ಯಾಲಯವೇ ಕೆಲಸವನ್ನೂ ಕೊಡುತ್ತದೆ ಅಂತ ತುಂಬಾ ಜನ ತಿಳಿದಿರುತ್ತಾರೆ. ಹಾಗಿಲ್ಲ. ಸಹಾಯ ಮಾಡುತ್ತಾರೆ, ಅರ್ಜಿ ಬರೆಯಲು ಕಲಿಸುತ್ತಾರೆ. ಹುಡುಕಿ ಗಿಟ್ಟಿಸಿಕೊಳ್ಳಬೇಕಾದವಳು ಅವಳೇ. ಎರಡನೇ ವರ್ಷ ಶುರುವಾಗುತ್ತಿದ್ದ ಹಾಗೆಯೇ, ಸೆಪ್ಟೆಂಬರ್ ಅಕ್ಟೋಬರ್ ಹೊತ್ತಿಗೆ, ದೊಡ್ಡ ಕಂಪನಿಗಳು ಅರ್ಜಿ ಕರೆಯಲು ತೊಡಗುತ್ತವೆ. ಕೆಲಸ ಸಿಗದಿದ್ದವರನ್ನು ಸಾಮಾನ್ಯವಾಗಿ ಮೂರು ವರ್ಷದ ಕೋರ್ಸಿಗೆ ಹಾಕಿಬಿಡುತ್ತಾರೆ. ಇನ್ನೊಂದು, ಯುದ್ಧವಿಮಾನ, ಕ್ಷಿಪಣಿಯ ಕೆಲಸ ಇರುವ ಕಡೆ ಹೊರದೇಶದವರಿಗೆ ಬಾಗಿಲು ಹೆಚ್ಚಾಗಿ ಮುಚ್ಚಿಯೇ ಇರುತ್ತದೆ. ಭದ್ರತಾ ತಪಾಸಣೆಗೆ ಆ ದೇಶದಲ್ಲಿ ಹಲವು ವರ್ಷ ನೆಲೆಸಿರಬೇಕು. ಏರೋಸ್ಪೇಸ್ ಕಂಪನಿಗಳಲ್ಲಿ ರಕ್ಷಣೆಯ ಕೆಲಸ ಮಾಡುವವು ಬಹಳ. ಅವನ್ನೆಲ್ಲ ಬಿಟ್ಟು ಉಳಿದ ಕಡೆ ನಿಮ್ಮ ಮಗಳು ಹುಡುಕಬೇಕು.

ಅದಕ್ಕೇ ವಿಶ್ವವಿದ್ಯಾಲಯಕ್ಕೆ ಅವಳೇ ಒಂದು ಇಮೇಲ್ ಬರೆಯಲಿ. ಕಳೆದ ವರ್ಷ ಈ ಕೋರ್ಸಿನ ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಅವರಲ್ಲಿ ಹೊರದೇಶದವರು ಎಷ್ಟು, ಆ ವರ್ಷದ ಶುಲ್ಕ ನಮಗೆ ಎಷ್ಟು ಬೀಳುತ್ತದೆ, ವೀಸಾದಲ್ಲಿ ಆ ವರ್ಷ ಈಗಲೇ ಸೇರಿದೆಯಾ. ಕೊನೆಯ ಪ್ರಶ್ನೆ ಮುಖ್ಯ. ಕೋರ್ಸಿನ ಭಾಗವಾಗಿದ್ದರೆ ಮಾತ್ರ ಅವಳು ಇಡೀ ದಿನ ಕೆಲಸ ಮಾಡಬಹುದು. ಇಲ್ಲದಿದ್ದರೆ ಕ್ಲಾಸು ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಮಾತ್ರ. ಏಜೆಂಟರ ಬಾಯಿಮಾತು ಬೇಡ. ಉತ್ತರ ವಿಶ್ವವಿದ್ಯಾಲಯದಿಂದಲೇ ಬರಲಿ.

ಈಗ ಅಡಿಸ್ಥಳದ ವಿಷಯ. ಸಿಗುತ್ತದೋ ಇಲ್ಲವೋ ಗೊತ್ತಿಲ್ಲದ ಒಂದು ವರ್ಷವನ್ನು ನಂಬಿ ಮನೆ ನಿಂತ ನೆಲ ಅಡವಿಡಬೇಡಿ. ಹೊರದೇಶದವರಿಗೆ ವರ್ಷಕ್ಕೆ 25 ಸಾವಿರ ಪೌಂಡ್‌ಗಿಂತ ಜಾಸ್ತಿ ಶುಲ್ಕ ಕೇಳುವ ವಿಶ್ವವಿದ್ಯಾಲಯಗಳು ಅಲ್ಲಿ ಹಲವು ಇವೆ. ಇದರ ಮೇಲೆ ಊಟ, ಬಾಡಿಗೆ. ಒಳ್ಳೆಯ ಸ್ಕಾಲರ್‌ಶಿಪ್ ಸಿಕ್ಕಿದರೆ ಖಂಡಿತ ಕಳಿಸಿ. ಇಲ್ಲದಿದ್ದರೆ ಇಲ್ಲೇ ಸೇರಿಸಿ. ಇದು ಸೋತು ಹಿಂದೆ ಬಂದ ಹಾಗೆ ಅಂತ ಅವಳಿಗೆ ಅನಿಸಬಾರದು. ನಮ್ಮ ದೇಶದ ಮೊದಲ ಉಪಗ್ರಹ ಆರ್ಯಭಟದ ಕೆಲಸ ಮುನ್ನಡೆಸಿದ ಯು. ಆರ್. ರಾವ್ ಹುಟ್ಟಿದ್ದು ನಮ್ಮ ಅದಮಾರಿನಲ್ಲಿ. 360 ಕಿಲೋ ತೂಕದ ಆ ಉಪಗ್ರಹ ತಯಾರಾದದ್ದು ಬೆಂಗಳೂರಿನ ಪೀಣ್ಯದ ಶೆಡ್‌ಗಳಲ್ಲಿ. 1975ರ ಏಪ್ರಿಲ್ 19ರಂದು ಅದು ಮೇಲೆ ಹೋಯಿತು.

ಮಣಿಪಾಲದ ಎಂಐಟಿಯಲ್ಲಿ ಏರೋನಾಟಿಕಲ್ ಉಂಟು. ಮೂಡುಬಿದಿರೆಯ ಮೈಟ್ ಕಾಲೇಜಿನಲ್ಲೂ ಉಂಟು. ವಿಟಿಯು ಕೋರ್ಸಿನಲ್ಲಿ ಇಂಟರ್ನ್‌ಶಿಪ್ ಕಡ್ಡಾಯ. ಅದನ್ನು ಬರೀ ಸರ್ಟಿಫಿಕೇಟಿಗಾಗಿ ಮುಗಿಸಬಾರದು, ಅಷ್ಟೇ. ಎರಡನೇ ವರ್ಷದ ರಜೆಯಿಂದಲೇ ಬೆಂಗಳೂರು, ಬೆಳಗಾವಿಯ ಕಾರ್ಖಾನೆಗಳಿಗೆ ಬರೆಯಲಿ. ಮಂಗಳೂರಿನಲ್ಲಿ ಈ ಕೆಲಸ ಹುಡುಕಿದರೆ ಸಿಗುವುದು ಕಷ್ಟ, ಊರು ಬಿಡಲೇಬೇಕು. ಪದವಿ ಆದ ಮೇಲೆ 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಒಂದು ವರ್ಷದ ತರಬೇತಿ ಸಿಗುತ್ತದೆ, ಸ್ಟೈಪೆಂಡ್ ಸಮೇತ. ಎಚ್‌ಎಎಲ್‌ ಕೂಡ ಹೀಗೆ ಪದವೀಧರರನ್ನು ತೆಗೆದುಕೊಳ್ಳುತ್ತದೆ. ಕೆಲಸ ಕಲಿತು ಮತ್ತೆ ಕ್ಲಾಸಿಗೆ ಮರಳುವ ದಾರಿಯೂ ಇದೆ. ಎಂ.ಟೆಕ್. ಸೇರಲು ಬರೆಯುವ ಗೇಟ್ ಪರೀಕ್ಷೆಯಲ್ಲಿ ಏರೋಸ್ಪೇಸಿಗೆ ಬೇರೆಯೇ ಪೇಪರ್ ಇದೆ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಈ ವಿಭಾಗ 1942ರಿಂದ ನಡೆಯುತ್ತಿದೆ. ನಮ್ಮ ಅಕ್ಕನ ಮಗ ಈಗ ಅದಕ್ಕೇ ಓದುತ್ತಿದ್ದಾನೆ.

ಬಜ್ಪೆಯಲ್ಲಿ ವಿಮಾನ ಇಳಿಯಲು ಶುರುವಾಗಿದ್ದು 1951ರಲ್ಲಿ. ಆದರೂ ನಮ್ಮಲ್ಲಿ ವಿಮಾನದ ಓದು ಅಂದರೆ ‘ಪೈಲಟ್ ಆಗ್ತಾಳಾ?’ ಅಂತಲೇ ಕೇಳುತ್ತಾರೆ. ಪೈಲಟ್ ಬೇರೆ. ನಿಲ್ದಾಣದಲ್ಲಿ ವಿಮಾನ ಪರೀಕ್ಷಿಸಿ ಸಹಿ ಹಾಕುವವರು ಬೇರೆ, ಅದಕ್ಕೆ ವಿಮಾನಯಾನದ ಮೇಲ್ವಿಚಾರಣೆ ಮಾಡುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ಲೈಸೆನ್ಸ್ ಬೇಕು. ನಿಮ್ಮ ಮಗಳು ಓದಲು ಹೊರಟಿರುವುದು ವಿಮಾನ ರೂಪಿಸುವ ವಿದ್ಯೆ. ಅದರಲ್ಲಿ ಗಣಿತ ಜಾಸ್ತಿ, ಕೋಡಿಂಗ್ ಕೂಡ ಬೇಕಾಗುತ್ತದೆ. ಕಂಪ್ಯೂಟರ್ ಸೈನ್ಸಿಗಿಂತ ಕೆಲಸಗಳು ಕಡಿಮೆ, ನೆಂಟರು ಹೇಳುವುದರಲ್ಲಿ ಅಷ್ಟು ನಿಜ. ಹುಚ್ಚು ಇದ್ದವರು ಮಾತ್ರ ಬರಬೇಕಾದ ಓದು ಇದು. ಅವಳಿಗೆ ಅದು ಇದೆ ಅಂತ ನೀವೇ ಬರೆದಿದ್ದೀರಿ.

ಇಮೇಲಿಗೆ ಉತ್ತರ ಬರುವವರೆಗೆ ಅವಳು ಮನೆಯಲ್ಲಿ ಸುಮ್ಮನೆ ಕೂರುವುದು ಬೇಡ. ಅಪ್ಪನ ಜೊತೆ ಮಲ್ಪೆಗೆ ಹೋಗಲಿ. ಒಂದು ಎಂಜಿನ್ ಪೂರ್ತಿ ಬಿಚ್ಚುವುದನ್ನು ಹತ್ತಿರ ನಿಂತು ನೋಡಲಿ. ಕೈಗೆ ಗ್ರೀಸ್ ಆಗಲಿ. ಉತ್ತರ ಬಂದ ಕೂಡಲೇ ನನಗೆ ಬರೆಯಿರಿ, ಒಟ್ಟಿಗೆ ಕೂತು ನೋಡುವ.

— ಸಂಪಾದಕ