ಓದುಗರ ಪ್ರಶ್ನೆ: ಕವಿಯೇ ಸಂಗೀತ ಕೊಟ್ಟಾಗ

ಪ್ರಶ್ನೆ: ‘ಕಾಡು ಕುದುರೆ’ ಚಿತ್ರದ ಶೀರ್ಷಿಕೆ ಗೀತೆಗೆ ಬಂದದ್ದೇ ಕನ್ನಡ ಚಿತ್ರಗಾಯನಕ್ಕೆ ಸಂದ ಮೊದಲ ರಾಷ್ಟ್ರಪ್ರಶಸ್ತಿಯೆ? ಕವಿ ಚಂದ್ರಶೇಖರ ಕಂಬಾರರು ಅದರ ನಿರ್ದೇಶನ, ಸಂಗೀತ ಎರಡನ್ನೂ ಹೇಗೆ ನಿಭಾಯಿಸಿದರು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಆ ಗೀತೆಯನ್ನು ಹಾಡಿದ ಶಿವಮೊಗ್ಗ ಸುಬ್ಬಣ್ಣ ಅವರಿಗೆ 1978ನೇ ಸಾಲಿನ ಅತ್ಯುತ್ತಮ ಹಿನ್ನೆಲೆ ಗಾಯಕ ಪ್ರಶಸ್ತಿ ಬಂದದ್ದು ನಿಜ. ಆದರೆ ಅದಕ್ಕೂ ಮೊದಲೇ, 1975ನೇ ಸಾಲಿನಲ್ಲಿ, ಜಿ.ವಿ. ಅಯ್ಯರ್ ಅವರ ‘ಹಂಸಗೀತೆ’ಗಾಗಿ ಎಂ. ಬಾಲಮುರಳಿಕೃಷ್ಣ ಅವರಿಗೆ ಅದೇ ಪ್ರಶಸ್ತಿ ಸಂದಿತ್ತು. ಬಾಲಮುರಳಿಯವರು ಆಂಧ್ರದವರಾದ್ದರಿಂದ ಸುಬ್ಬಣ್ಣನವರನ್ನು ಈ ಗೌರವ ಪಡೆದ ಮೊದಲ ಕನ್ನಡಿಗ ಗಾಯಕರೆಂದು ಕರೆಯುವ ರೂಢಿಯೇ ಹಬ್ಬುತ್ತ ‘ಕನ್ನಡಕ್ಕೆ ಮೊದಲ ಪ್ರಶಸ್ತಿ’ ಎಂಬ ಮಾತಾಗಿರಬೇಕು.

ನಿಮ್ಮ ಎರಡನೆಯ ಪ್ರಶ್ನೆಯಲ್ಲಿ ಕಂಬಾರರು ತಮ್ಮದಲ್ಲದ ಕ್ಷೇತ್ರಕ್ಕೆ ಕಾಲಿಟ್ಟರೆಂಬ ಭಾವನೆ ಇದೆ; ಅದನ್ನು ನಾನು ಒಪ್ಪಲಾರೆ. ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ ಹುಟ್ಟಿ, ಬಯಲಾಟವನ್ನು ನೋಡುತ್ತಲೇ ಬೆಳೆದು, ಮುಂದೆ ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನೇ ಸಂಶೋಧನೆಯ ವಿಷಯವಾಗಿಸಿಕೊಂಡವರು ಅವರು. ‘ಶ್ರೀಕೃಷ್ಣ ಪಾರಿಜಾತ’ದಂತಹ ಸಣ್ಣಾಟದಲ್ಲಿ (ಅದೂ ಒಂದು ಜನಪದ ನಾಟಕ ಪ್ರಕಾರ) ಪದ, ಮಟ್ಟು (ಹಾಡುವ ಧಾಟಿ), ಮಾತು, ಕುಣಿತಗಳನ್ನು ಬೇರೆ ಬೇರೆ ಮಾಡಿದರೆ ಆಟವೇ ಉಳಿಯುವುದಿಲ್ಲ, ಪದ ಹುಟ್ಟುವಾಗಲೇ ಮಟ್ಟನ್ನೂ ಹೊತ್ತು ತರುತ್ತದೆ. ಬಿ.ವಿ. ಕಾರಂತರು ರಂಗಕ್ಕೆ ತಂದ ಕಂಬಾರರ ನಾಟಕ ‘ಜೋಕುಮಾರಸ್ವಾಮಿ’ಯಲ್ಲೂ ಕಾಣುವುದು ಇದೇ. ಹಾಗಾಗಿ ಕಂಬಾರರ ಮಟ್ಟಿಗೆ ಚಿತ್ರಸಂಗೀತವು ಕಾವ್ಯಕ್ಕೆ ಹೊರಗಿನದಾಗಿರಲಿಲ್ಲ.

ನನಗೆ ಇದಕ್ಕಿಂತ ಹೆಚ್ಚಿನ ಅಚ್ಚರಿ ಉಂಟುಮಾಡುವವರು ಸುಬ್ಬಣ್ಣನವರು. ವೃತ್ತಿಯಿಂದ ವಕೀಲರು, ಹೆಸರು ಮಾಡಿದ್ದು ಸುಗಮ ಸಂಗೀತದಲ್ಲಿ, ಹುಟ್ಟಿದ್ದು ಮಲೆನಾಡಿನ ‘ನಗರ’ ಎಂಬ ಊರಿನಲ್ಲಿ; ಅಂಥವರ ಕಂಠದಲ್ಲಿ ಬಯಲುಸೀಮೆಯ ಆಡುಮಾತು ಎಲ್ಲಿಯೂ ಎರವಲು ಪಡೆದಂತೆ ಕೇಳಿಸುವುದಿಲ್ಲ. ಇದಕ್ಕೆ ಭಾಷೆಯೂ ನೆರವಾಗಿದೆ. ‘ಬಂದಿತ್ತು’ ಎಂಬುದರ ಕೊನೆಯ ಉಕಾರದಲ್ಲಿ ತುಟಿ ಮುಚ್ಚಿಕೊಳ್ಳುತ್ತ ಬರುತ್ತದೆ. ಹಾಡಿನಲ್ಲಿರುವ ‘ಬಂದಿತ್ತ’ ಎಂಬ ಉತ್ತರ ಕರ್ನಾಟಕದ ರೂಪದಲ್ಲಿ ಬಾಯಿ ತೆರೆದೇ ಇರುವುದರಿಂದ ಗಾಯಕ ದನಿಯನ್ನು ಬೇಕಾದಷ್ಟು ದೂರ ಎಸೆಯಬಹುದು. ಆ ಹಾಡಿನ ಸಾಲುಗಳ ಕೊನೆಯನ್ನು ಇನ್ನೊಮ್ಮೆ ಕಿವಿಗೊಟ್ಟು ಕೇಳಿ: ಕುದುರೆ ಓಡುತ್ತಿರುವುದು ಆ ತೆರೆದ ಅಕಾರದ ಮೇಲೆಯೇ.